ಅಜ್ಜನ ಪೆಟ್ಟಿಗೆಯ ಟೊಪ್ಪಿಗೆಗಳು

ಹಳೆಯ ಹಿತ್ತಾಳೆ ತಾಮ್ರದ ಪಾತ್ರೆಗಳನ್ನು ಕುರಿತು ನಾವು ಹಿಂದೊಮ್ಮೆ ಈ ಅಂಕಣದಲ್ಲಿ ಬರೆದುದನ್ನು ನೆನಪಿಟ್ಟುಕೊಂಡು, ಸೇಡಂ ಪಟ್ಟಣದ ಒಬ್ಬ ಸೋದರಿಯರು ನಮಗೊಂದು ದೀರ್ಘವಾದ ಪತ್ರವನ್ನು ಬರೆದಿರುವರು. ಮನೆಯ ಮಾಳಿಗೆಯನ್ನು ಕೆಡವಿ ಹೊಸದಾಗಿ ಕಟ್ಟಿಸುವ ಕೆಲಸ ಅವರಲ್ಲಿ ನಡೆದಿದೆ. ಆ ಸಂದರ್ಭದಲ್ಲಿ ಅವರ ಪತಿಯ ಅಜ್ಜನವರ ಕಬ್ಬಿಣದ ಪೆಟ್ಟಿಗೆಯೊಂದು ಕೆಳಗಿಳಿಯಿತು. ಕಾಗದಪತ್ರಗಳನ್ನೆಲ್ಲ ಗೆದ್ದಲು ತಿಂದಿದ್ದವು. ಅಡಿಯಲ್ಲಿ ಐದು ಶಿರೋವಸ್ತ್ರಗಳು ಮಾತ್ರ ಉಳಿದಿದ್ದವು: ಒಂದು ಬಿಳಿಯ ರುಮಾಲು, ಒಂದು ಕರಿಯ ದುಂಡು ಟೊಪ್ಪಿಗೆ, ಒಂದು ಖಾದಿಯ ಗಾಂಧಿ ಟೊಪ್ಪಿಗೆ, ಒಂದು ಸೋಲಾ ಹ್ಯಾಟು, ಮತ್ತು ಕರಿಯ ಗೊಂಡೆಯ ಕೆಂಪು ರೂಮಿ ಟೋಪಿ.

“ಹಳೆಯ ಬಟ್ಟೆಗೆ ಸ್ಟೀಲಿನ ಪಾತ್ರೆ ಕೊಡುವವಳು ವಾರಕ್ಕೊಮ್ಮೆ ಬರುತ್ತಾಳೆ. ರುಮಾಲಿಗೊಂದು ಡಬರಿ ಕೊಡುತ್ತೇನೆ, ಉಳಿದವು ಬೇಡ ಎನ್ನುತ್ತಾಳೆ. ಇಂಥವನ್ನು ಕೂಡಿಸಿಡುವವರು ಹಣ ಕೊಟ್ಟು ಕೊಳ್ಳುತ್ತಾರೆಂದು ಮಗ ಹೇಳುತ್ತಾನೆ. ಆ ಕೆಂಪು ಟೋಪಿ ನಮ್ಮ ಮನೆಯಲ್ಲಿತ್ತೆಂಬುದು ಯಾರಿಗೂ ತಿಳಿಯಬಾರದು, ಒಲೆಗೆ ಹಾಕಿಬಿಡಿರಿ ಎಂದು ನಮ್ಮ ಮೈದುನನವರ ಹಟ. ಅಜ್ಜನವರು ಯಾರ ಪಕ್ಷದವರಾಗಿದ್ದರೆಂಬ ಮಾತಿಗೆ ಮನೆಯಲ್ಲಿ ಎರಡು ದಿನ ಊಟ ಸರಿಯಾಗಿ ಆಗಲಿಲ್ಲ. ಇವು ಎಲ್ಲಿಯವು, ಯಾವ ಕಾಲದವು ಎಂಬುದನ್ನು ತಾವು ತಿಳಿಸಬಲ್ಲಿರಾ?” ಎಂದು ಆ ಸೋದರಿಯರು ಕೇಳಿರುವರು.

ಪತ್ರದಲ್ಲಿಯೇ ಉತ್ತರ ಬರೆದು ಮುಗಿಸಬಹುದಾಗಿತ್ತು. ಆದರೆ ಟೊಪ್ಪಿಗೆಯ ವಿಷಯದಲ್ಲಿ ಕೈಯಿಂದ ಮುಟ್ಟದೆ, ಒಳಗನ್ನು ತಿರುವಿ ನೋಡದೆ ಮಾತನಾಡುವುದು ಅಪಾಯ. ಅಲ್ಲದೆ ಆ ಸೀಮೆಯನ್ನು ನೋಡಬೇಕೆಂಬ ಆಸೆಯೂ ನಮಗೆ ಬಹುದಿನಗಳಿಂದ ಇತ್ತು. ಆದಕಾರಣ ನಾವು ವಾಡಿಯವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಚಿತ್ತಾಪುರದ ಮಾರ್ಗವಾಗಿ ಸೇಡಂ ಮುಟ್ಟಿದೆವು.

ಪರದೇಶಗಳಲ್ಲಿ ಹಳೆಯ ಗಂಡಸರ ಹ್ಯಾಟುಗಳನ್ನು ಕೂಡಿಸಿಡುವವರು ಬಹಳ ಮಂದಿ ಇದ್ದಾರೆ. ಇಟಲಿಯ ಅಲೆಸ್ಸಾಂಡ್ರಿಯಾ ಪಟ್ಟಣದಲ್ಲಿ 1857ರಲ್ಲಿ ಆರಂಭವಾದ ಬೊರ್ಸಾಲಿನೋ, ಅಮೇರಿಕೆಯ ಫಿಲಡೆಲ್ಫಿಯಾದಲ್ಲಿ 1865ರಲ್ಲಿ ಆರಂಭವಾದ ಸ್ಟೆಟ್ಸನ್, ಇವರ ಹಳೆಯ ಹ್ಯಾಟುಗಳ ಒಳಪಟ್ಟಿಯನ್ನೂ ಅಸ್ತರಿಯ ಮುದ್ರೆಯನ್ನೂ ನೋಡಿ, ಇದು ಇಂಥ ದಶಕದ್ದೆಂದು ಅವರು ನಿರ್ಣಯಿಸುತ್ತಾರೆ. ನಮ್ಮಲ್ಲಿ ಮಾತ್ರ ಅಜ್ಜಿಯ ಮೂಗುತಿಯನ್ನು ಕಾಪಾಡಿದ ಮನೆಯೇ ಅಜ್ಜನ ಪೇಟವನ್ನು ಒಲೆಯ ಮಸಿಬಟ್ಟೆ ಮಾಡಿರುತ್ತದೆ. ಟೊಪ್ಪಿಗೆಯಲ್ಲಿ ಬಂಗಾರವಿಲ್ಲವಲ್ಲ! ಆದರೂ ಗಂಡಸಿನ ಮೈಮೇಲಿನ ಬಟ್ಟೆಗಳಲ್ಲಿ ಅವನ ಜಾತಿ, ಕಸುಬು, ಊರು, ಒಡೆಯ, ಹುಕುಮು, ಹಟ ಇವೆಲ್ಲವನ್ನೂ ದೂರದಿಂದಲೇ ಸಾರಿ ಹೇಳುತ್ತಿದ್ದುದು ತಲೆಯ ಮೇಲಿನದೇ ಆಗಿತ್ತು.

ಮೊದಲು ರುಮಾಲಿನ ಸಂಗತಿ. ಪಾರಸಿಯಲ್ಲಿ ‘ರೂ’ ಎಂದರೆ ಮುಖ, ‘ಮಾಲ್’ ಎಂದರೆ ಒರೆಸುವುದು. ಹಿಂದೂಸ್ತಾನಿಯವರು ಕಿಸೆಯಲ್ಲಿಟ್ಟುಕೊಳ್ಳುವ ಕೈವಸ್ತ್ರಕ್ಕೆ ಆ ಹೆಸರನ್ನು ಉಳಿಸಿದರು. ನಮ್ಮವರು ಅದೇ ಶಬ್ದವನ್ನು ನೆತ್ತಿಗೇರಿಸಿದರು! ಪೇಟ ಎಂಬುದು ಮರಾಠಿಯ ಫೇಟಾದೊಡನೆ ನಂಟುಳ್ಳದ್ದು. ಪಟಗಾ, ಮುಂಡಾಸು, ಪಗಡಿ, ಜರತಾರಿಯ ಮಂದೀಲು ಎಂದು ಆ ಸೀಮೆಯ ಹಿರಿಯರು ಬೇರೆಬೇರೆಯಾಗಿ ಹೇಳುವುದುಂಟು. ಕೂಸಿನ ತಲೆಗೆ ಹಾಕುವ ಕುಲಾವಿಯೂ ಪಾರಸಿಯ ‘ಕುಲಾಹ್’ ಎಂಬ ಟೊಪ್ಪಿಗೆಯ ಶಬ್ದದಿಂದಲೇ ಬಂದುದು. ಹೀಗೆ ಹುಟ್ಟಿದ ತಿಂಗಳಿನಿಂದಲೇ ನಮ್ಮ ತಲೆಗಳು ದೂರದೇಶಗಳ ಸಾಲವನ್ನು ಹೊತ್ತಿರುತ್ತವೆ.

ಆದರೆ ತಲೆಗೆ ಬಟ್ಟೆ ಸುತ್ತುವ ಪದ್ಧತಿ ಮಾತ್ರ ಸಾಲ ತಂದದ್ದಲ್ಲ. ಚಿತ್ತಾಪುರ ತಾಲೂಕಿನ ಭೀಮಾ ತೀರದಲ್ಲಿ ಸನ್ನತಿ ಇರುವುದಷ್ಟೆ. ಅದರ ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ತ್ವ ಇಲಾಖೆಯವರು ಅಗೆದು ತೆಗೆದ ಬೌದ್ಧ ಸ್ತೂಪದ ಕಲ್ಲುಗಳಲ್ಲಿ, ಅಶೋಕನೆಂದು ಬ್ರಾಹ್ಮೀ ಲಿಪಿಯಲ್ಲಿ ಹೆಸರು ಕೆತ್ತಿದ ರಾಜನ ಚಿತ್ರ ದೊರೆತದ್ದು ಲೋಕಪ್ರಸಿದ್ಧವಾದ ಸಂಗತಿ. ಆ ಕಾಲದ ಶಿಲ್ಪಗಳಲ್ಲಿ ಗಂಡಸರು ಮುಂದಲೆಯ ಮೇಲೆ ದೊಡ್ಡ ಗಂಟು ಬರುವಂತೆ ಬಟ್ಟೆಯನ್ನು ಸುತ್ತಿಕೊಂಡಿರುವರು. ಸುಮಾರು ಎರಡು ಸಾವಿರ ವರುಷಗಳ ಹಿಂದಿನ ಆ ತಲೆಗಳನ್ನು ನೋಡಿ ಬಂದವರಿಗೆ, ಸಂತೆಯ ದಿನ ಚಿತ್ತಾಪುರದ ಬಜಾರಿನಲ್ಲಿ ಕುಳಿತ ಮುದುಕರ ರುಮಾಲು ಹೊಸ ವಸ್ತುವೆನಿಸುವುದಿಲ್ಲ.

ಬಡವನ ತಲೆಗೆ ಬೇರೆ ಸಾಧನಗಳಿದ್ದವು. ಚಿಂಚೋಳಿಯ ಕಡೆಯ ಕುರುಬನು ಮಳೆ ಬಂದರೆ ಕಂಬಳಿಯ ಒಂದು ಮೂಲೆಯನ್ನು ಒಳಮಡಿಸಿ ಕೊಪ್ಪೆ ಮಾಡಿಕೊಳ್ಳುವನು. ಅದು ಕೊಡೆಯೂ ಹೌದು, ಟೊಪ್ಪಿಗೆಯೂ ಹೌದು, ರಾತ್ರಿ ಹಾಸಿಗೆಯೂ ಹೌದು. ಶಹಾಬಾದದ ಕಲ್ಲುಗಣಿಗಳಲ್ಲಿ ಫರಸಿ ಹೊರುವವರಿಗೆ ಹರಕು ಬಟ್ಟೆಯನ್ನು ಹೊಸೆದು ಸುತ್ತಿದ ಸಿಂಬಿಯೇ ಕಿರೀಟ. ಭಾರತದ ಎಷ್ಟೋ ಮನೆಗಳ ನೆಲವು ಶಹಾಬಾದಿ ಕಲ್ಲಿನದಾಗಿದೆ. ಆ ಕಲ್ಲು ಮೊದಲು ಯಾರದೋ ಸಿಂಬಿಯ ಮೇಲೆ ಕುಳಿತು ಬಂದುದೆಂಬುದನ್ನು ನಾವು ಯೋಚಿಸುವುದಿಲ್ಲ. ಸಿಂಬಿಯನ್ನು ಯಾರೂ ಪೆಟ್ಟಿಗೆಯಲ್ಲಿ ಕಾಪಾಡಿಡುವುದಿಲ್ಲ. ನಮ್ಮ ಕೈಯಲ್ಲಿದ್ದರೆ ಸಂಗ್ರಹಕಾರರ ಗಾಜಿನ ಕಪಾಟಿನಲ್ಲಿ ಮೊದಲು ಅದನ್ನೇ ಇಡಿಸುತ್ತಿದ್ದೆವು.

ಸೇಡಂನ ಮನೆಯನ್ನು ನಾವು ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಕಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಯ ಊಟವಾದ ಮೇಲೆ ಗೃಹಿಣಿಯರು ಆ ಐದನ್ನೂ ಚಾಪೆಯ ಮೇಲೆ ಸಾಲಾಗಿ ಇಟ್ಟರು. ಮೈದುನನವರು ಬಾಗಿಲ ಹತ್ತಿರ ನಿಂತೇ ಇದ್ದರು, ಕುಳಿತುಕೊಳ್ಳಲಿಲ್ಲ. ಮೂಲೆಯ ಹೊರಸಿನ ಮೇಲೆ ಎಂಬತ್ತೈದು ದಾಟಿದ ಮುದುಕಿಯೊಬ್ಬರು ಒರಗಿದ್ದರು. ಅಜ್ಜನವರ ಮಗಳು, ಎಂದರೆ ಯಜಮಾನರಿಗೆ ಸೋದರತ್ತೆ. ಕಿವಿ ಮಂದವೆಂದು ಹೇಳಿದ್ದರಿಂದ ನಾವು ಅವರಿಗೆ ನಮಸ್ಕರಿಸಿ ಸುಮ್ಮನಾದೆವು. ಅದು ನಮ್ಮ ತಪ್ಪು.

ಸೋಲಾ ಹ್ಯಾಟನ್ನು ಮೊದಲು ಕೈಗೆತ್ತಿಕೊಂಡೆವು. ಇದನ್ನು ಸೂರ್ಯನಿಗೆ ಸಂಬಂಧಿಸಿದ ಇಂಗ್ಲಿಷ್ ಶಬ್ದವೆಂದು ತಿಳಿದು ‘ಸೋಲಾರ್ ಹ್ಯಾಟು’ ಎನ್ನುವವರಿದ್ದಾರೆ. ಅದು ಸರಿಯಲ್ಲ. ಬಂಗಾಳದ ಜೌಗು ನೆಲದಲ್ಲಿ ಬೆಳೆಯುವ ಶೋಲಾ ಎಂಬ ಗಿಡದ ಬಿಳಿಯ ತಿರುಳನ್ನು ಹಾಳೆಹಾಳೆಯಾಗಿ ಕೊಯ್ದು, ಅಚ್ಚಿನ ಮೇಲೆ ಒಂದರ ಮೇಲೊಂದು ಅಂಟಿಸಿ, ಹೊರಗೆ ಬಟ್ಟೆಯನ್ನು ಬಿಗಿದು ಇದನ್ನು ಮಾಡುತ್ತಿದ್ದರು. ನಮ್ಮ ಮದುವೆಯ ಬಾಸಿಂಗದ ಬೆಂಡನ್ನು ನೆನೆದರೆ ಅದರ ಹಗುರವು ತಿಳಿಯುತ್ತದೆ. ಬಿಸಿಲಿನಿಂದ ಕಾಪಾಡುವುದರಲ್ಲಿ ಇದಕ್ಕೆ ಸಮಾನವಿಲ್ಲ; ಮಳೆಯಲ್ಲಿ ನೆನೆದರೆ ಮಾತ್ರ ಕೆಟ್ಟಿತು. ಹಿಂದುಸ್ತಾನದ ಸೂರ್ಯನ ಕಿರಣವು ಬಿಳಿಯರ ಮಿದುಳನ್ನು ಸುಡುವುದೆಂಬ ಭೀತಿ ಒಂದು ಕಾಲದಲ್ಲಿ ಅಲ್ಲಿಯ ವೈದ್ಯರಿಗೂ ಇತ್ತು. ಎರಡನೆಯ ಮಹಾಯುದ್ಧದಲ್ಲಿ ಸಿಪಾಯಿಗಳು ಬರಿಯ ಬಟ್ಟೆಯ ಟೊಪ್ಪಿಗೆಯಲ್ಲಿ ಬಿಸಿಲು ತಿಂದೂ ಸಾಯಲಿಲ್ಲವಾದ್ದರಿಂದ ಆ ನಂಬಿಕೆ ಹೋಯಿತು.

ಈ ಹ್ಯಾಟು ಸೇಡಂಗೆ ಹೇಗೆ ಬಂತೆಂಬುದಕ್ಕೆ ವಾಡಿಯೇ ಉತ್ತರ. ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಾದಿಯನ್ನು ಕೂಡಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೇಲೆ ಹಾಯ್ದು ಸಿಕಂದರಾಬಾದಿಗೆ ನಿಜಾಮರ ರೈಲುಹಾದಿ ತೆರೆಯಿತು. ಎರಡು ಕಂಪನಿಗಳು ಕೂಡುವ ಜಂಕ್ಷನ್ನಿನಲ್ಲಿ ಎರಡು ಬಗೆಯ ಅಧಿಕಾರಿಗಳು, ಎರಡು ಬಗೆಯ ಟೊಪ್ಪಿಗೆಗಳು. ಆ ಕಾಲದ ರೈಲ್ವೆ ಟೊಪ್ಪಿಗೆಗಳಾಗಲಿ ಗುಂಡಿಗಳಾಗಲಿ ಯಾರಿಗಾದರೂ ದೊರೆತರೆ ಅಕ್ಷರಗಳನ್ನು ನೋಡಬೇಕು. ನಿಜಾಮರ ರೈಲ್ವೆಯು 1930ರಲ್ಲಿ ಸಂಸ್ಥಾನದ ಸ್ವಂತಕ್ಕೆ ಬರುವ ಮೊದಲು ‘ಗ್ಯಾರಂಟೀಡ್’ ಎಂಬ ಶಬ್ದವನ್ನು ತನ್ನ ಹೆಸರಿನಲ್ಲಿ ಹೊತ್ತಿತ್ತು. ಆದುದರಿಂದ ಎನ್ ಜಿ ಎಸ್ ಆರ್ ಎಂಬ ನಾಲ್ಕು ಅಕ್ಷರಗಳಿದ್ದರೆ ಅದು ಸಾಮಾನ್ಯವಾಗಿ 1930ಕ್ಕೆ ಹಿಂದಿನದು. 1951ರಲ್ಲಿ ಎರಡೂ ಕೂಡಿ ಮಧ್ಯ ರೈಲ್ವೆಯಲ್ಲಿ ಸೇರಿಹೋದವು.

ಅಜ್ಜನವರ ಹ್ಯಾಟಿನಲ್ಲಿ ಅಂತಹ ಯಾವ ಅಕ್ಷರವೂ ಇರಲಿಲ್ಲ. ಖಾಕಿ ಬಟ್ಟೆ, ಅಂಚಿನ ಅಡಿಗೆ ಹಸುರು ಅಸ್ತರಿ. ಜಮೀನು ಅಳೆಯುವ ಕಾಲದಲ್ಲಿ ಹೊಲದಲ್ಲಿ ತಿರುಗುವವರು ಹಾಕಿಕೊಳ್ಳುತ್ತಿದ್ದ ಸಾಧಾರಣ ಸರಕು. ಅಜ್ಜನವರು ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದುದರಿಂದ ಅದು ಅವರ ಬಳಿ ಇದ್ದುದರಲ್ಲಿ ಆಶ್ಚರ್ಯವಿಲ್ಲ. ಕರಿಯ ದುಂಡು ಟೊಪ್ಪಿಗೆಯೂ ಹಾಗೆಯೇ. ಕಲಬುರಗಿ, ವಿಜಯಪುರ, ಧಾರವಾಡಗಳ ಮಾಸ್ತರರು, ವಕೀಲರು, ವ್ಯಾಪಾರಿಗಳು ರುಮಾಲನ್ನು ಬಿಟ್ಟು ಇದನ್ನು ಹಿಡಿದ ಕಾಲವೊಂದಿತ್ತು. ಸುತ್ತುವ ತೊಂದರೆ ಇಲ್ಲ, ಕೊಳೆ ಕಾಣುವುದಿಲ್ಲ.

ಕೊಳೆ ಕಾಣದಿರುವುದೇ ಅದರ ದೋಷವೆಂದು ಗಾಂಧೀಜಿಯವರು ಬಗೆದರು. ಕಾಕಾ ಕಾಲೇಲಕರರು ತಮ್ಮ ಸ್ಮರಣೆಗಳಲ್ಲಿ ಈ ವಿಷಯವನ್ನು ಬರೆದಿದ್ದಾರೆ. ದೇಶದ ನಾನಾ ಪ್ರಾಂತಗಳ ಶಿರೋವಸ್ತ್ರಗಳನ್ನು ಗಾಂಧೀಜಿಯವರು ಒಂದೊಂದಾಗಿ ಪರೀಕ್ಷಿಸಿ, ಪೇಟಕ್ಕೆ ಬಟ್ಟೆ ಬಹಳವೆಂದೂ, ಕರಿಯ ಟೊಪ್ಪಿಗೆಯು ಬೆವರಿನ ಹೊಲಸನ್ನು ಮುಚ್ಚಿಡುವುದೆಂದೂ ಕಂಡು, ಕಾಶ್ಮೀರದ ಟೊಪ್ಪಿಗೆಯ ಮಾದರಿಯನ್ನು ಹಿಡಿದು, ಮಡಿಚಿ ಕಿಸೆಯಲ್ಲಿಡಬಹುದಾದ, ದಿನವೂ ಒಗೆಯಬಹುದಾದ ಬಿಳಿಯ ಖಾದಿ ಟೊಪ್ಪಿಗೆಯನ್ನು ಗೊತ್ತುಮಾಡಿದರಂತೆ. ತಾವು ಮಾತ್ರ ಅದನ್ನು ಒಂದೆರಡು ವರ್ಷ ಧರಿಸಿ 1921ರಲ್ಲಿ ಬಿಟ್ಟುಬಿಟ್ಟರು. ಹೆಸರು ಅವರದು, ತಲೆಗಳು ಲಕ್ಷಾಂತರ ಜನರವು. ಆ ವರುಷದ ಜುಲೈ 31ರಂದು ಮುಂಬಯಿಯ ಪರೇಲಿನಲ್ಲಿ ವಿದೇಶೀ ಬಟ್ಟೆಗಳ ದೊಡ್ಡ ಹೋಳಿ ನಡೆದದ್ದನ್ನು ಎಲ್ಲರೂ ಬಲ್ಲರು. ವಿದೇಶೀ ಟೊಪ್ಪಿಗೆಗಳೂ ಅಂತಹ ಬೆಂಕಿಗಳ ಪಾಲಾದವು.

ಬ್ರಿಟಿಷ್ ಮುಲುಕಿನಲ್ಲಿ ಈ ಬಿಳಿ ಟೊಪ್ಪಿಗೆಯು ಧೈರ್ಯದ ಕುರುಹಾಗಿದ್ದರೆ, ನಿಜಾಮರ ಸಂಸ್ಥಾನದಲ್ಲಿ ಅದು ಅದಕ್ಕಿಂತ ಹೆಚ್ಚಿನ ಸಾಹಸವಾಗಿತ್ತು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸು 1938ರಲ್ಲಿ ಹುಟ್ಟುವಾಗಲೇ ನಿಷೇಧಕ್ಕೆ ಗುರಿಯಾಯಿತು. ಸ್ವಾಮಿ ರಮಾನಂದ ತೀರ್ಥರ ನಾಯಕತ್ವದಲ್ಲಿ ಸತ್ಯಾಗ್ರಹಿಗಳು ಸೆರೆಮನೆಗೆ ನಡೆದರು. 1947ರ ಆಗಸ್ಟಿನ ಮೇಲೆ, ಮಿಕ್ಕ ದೇಶಕ್ಕೆ ಸ್ವಾತಂತ್ರ್ಯ ಬಂದು ಇಲ್ಲಿ ಬಾರದಿದ್ದ ಹದಿಮೂರು ತಿಂಗಳುಗಳಲ್ಲಿ, ರಜಾಕಾರರ ಕಣ್ಣಿಗೆ ಇಂತಹ ಟೊಪ್ಪಿಗೆ ಬಿದ್ದರೆ ಏನಾದೀತೆಂಬ ಭಯದಿಂದ ಅದನ್ನು ಹಿಟ್ಟಿನ ಗಡಿಗೆಯಲ್ಲಿಯೂ ಕಾಳಿನ ಹಗೇವಿನಲ್ಲಿಯೂ ಬಚ್ಚಿಟ್ಟವರುಂಟು. ಸೇಡಂನ ಗಾಂಧಿ ಟೊಪ್ಪಿಗೆಯ ಮಡಿಕೆಗಳು ಚೂಪಾಗಿದ್ದವು. ಬಹಳ ಸಲ ಧರಿಸಿದ್ದಲ್ಲ, ಬಹಳ ವರುಷ ಮಡಿಚಿಟ್ಟದ್ದು.

ಇಷ್ಟು ಹೇಳುವವರೆಗೆ ಬಾಗಿಲ ಹತ್ತಿರದ ಮೈದುನನವರ ಮುಖ ಅರಳಿತ್ತು. “ಹಂಗಾದ್ರ ಕೆಂಪು ಟೋಪಿ ಯಾಕ ಇಟ್ಟಾರ್ರೀ ಇದರ ಸಂಗಾಟ?” ಎಂದು ಕೇಳಿದರು.

ರೂಮಿ ಟೋಪಿಯ ಕಥೆ ಉದ್ದವಾದದ್ದು. ‘ರೂಮ್’ ಎಂದರೆ ರೋಮ್. ಪೂರ್ವ ರೋಮ್ ಸಾಮ್ರಾಜ್ಯದ ರಾಜಧಾನಿಯಾಗಿದ್ದ ಕಾನ್‌ಸ್ಟಾಂಟಿನೋಪಲ್ ತುರ್ಕರ ಕೈಸೇರಿದ ಮೇಲೂ ಪಾರಸಿ ಉರ್ದುಗಳಲ್ಲಿ ಆ ದೇಶಕ್ಕೆ ಹಳೆಯ ಹೆಸರೇ ನಿಂತಿತು. ಇಂಗ್ಲಿಷರು ಅದನ್ನು ಮೊರಾಕ್ಕೋ ದೇಶದ ಫೆಜ್ ನಗರದ ಹೆಸರಿನಿಂದ ಕರೆದರು. ತುರ್ಕಸ್ತಾನದ ಸುಲ್ತಾನ ಎರಡನೆಯ ಮಹಮೂದನು 1829ರಲ್ಲಿ ತನ್ನ ಅಧಿಕಾರಿಗಳೆಲ್ಲರೂ ಮುಂಡಾಸವನ್ನು ಬಿಟ್ಟು ಇದನ್ನೇ ಧರಿಸತಕ್ಕದ್ದೆಂದು ವಿಧಿಸಿದನು. ಆಗ ಅದು ಹೊಸ ಕಾಲದ, ಸುಧಾರಣೆಯ ಕುರುಹು. ಅಲೀಗಢದ ಸರ್ ಸಯ್ಯದ್ ಅಹಮದ್ ಖಾನರು ಅದನ್ನು ಮೆಚ್ಚಿ ತಮ್ಮ ತಲೆಗೇರಿಸಿದ್ದೂ ಆ ಭಾವನೆಯಿಂದಲೇ. ಹೈದರಾಬಾದಿನಲ್ಲಿ ದರಬಾರಿಗೆ ದಸ್ತಾರು ಮತ್ತು ಬಗಲೂಸು, ಎಂದರೆ ಮೊದಲೇ ಸುತ್ತಿ ಸಿದ್ಧಪಡಿಸಿದ ಪೇಟ ಮತ್ತು ಪದಕದ ನಡುಪಟ್ಟಿ. ಕಚೇರಿಗೂ ಶಾಲೆಗೂ ಶೇರವಾನಿ ಮತ್ತು ರೂಮಿ ಟೋಪಿ. ಕೊನೆಯ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನರು ಲೋಕದ ಮಹಾ ಶ್ರೀಮಂತರೆನಿಸಿಯೂ ಮಾಸಿದ ಹಳೆಯ ಟೋಪಿಯಲ್ಲಿಯೇ ಕಾಣಿಸಿಕೊಳ್ಳುತ್ತಿದ್ದುದು ಅವರ ಭಾವಚಿತ್ರಗಳಿಂದ ತಿಳಿಯುತ್ತದೆ. ಸಂಸ್ಥಾನದ ನೌಕರಿಯಲ್ಲಿದ್ದ ಹಿಂದೂಗಳೂ ಇದನ್ನು ಧರಿಸುತ್ತಿದ್ದರು. ಅಧಿಕಾರಿಯ ಉಡುಪಾಗಿತ್ತೇ ಹೊರತು ಅದು ಒಂದೇ ಮತದ್ದಾಗಿರಲಿಲ್ಲ.

ಇನ್ನು ಇದನ್ನು ಮಾಡಿದವರಾರು? ಇಲ್ಲಿಯೇ ನಮಗೆ ಬಹಳ ಸೋಜಿಗವೆನಿಸುವುದು. ಬೊಹೀಮಿಯಾದ ಸ್ತ್ರಾಕೋನಿತ್ಸೆ ಎಂಬ ಸಣ್ಣ ಪಟ್ಟಣದ ಕುಶಲಕರ್ಮಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಲೋಕದ ಮುಸಲ್ಮಾನರಿಗೆ ಟೋಪಿ ಮಾಡಿಕೊಡುವುದನ್ನು ಕಸುಬು ಮಾಡಿಕೊಂಡರು. ಉಣ್ಣೆಯ ನೂಲಿನಿಂದ ದೊಡ್ಡ ಚೀಲದಂತೆ ಹೆಣೆದು, ಬಿಸಿನೀರಿನಲ್ಲಿ ಸಾಬೂನು ಹಾಕಿ ತುಳಿದು ಕುಗ್ಗಿಸಿ ನಮದೆಯಾಗಿ ಮಾಡಿ, ಕೆಂಪು ಬಣ್ಣ ಕಟ್ಟಿ, ಅಚ್ಚಿನ ಮೇಲೆ ಬಿಗಿದು ಒಣಗಿಸುವರು. ಆ ಸೀಮೆ ಆಗ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿತ್ತು. 1908ರಲ್ಲಿ ಆಸ್ಟ್ರಿಯಾದವರು ಬೋಸ್ನಿಯಾವನ್ನು ನುಂಗಿಕೊಂಡಾಗ, ತುರ್ಕಸ್ತಾನದ ಜನರು ಸಿಟ್ಟಾಗಿ ಆಸ್ಟ್ರಿಯಾದ ಟೋಪಿಗಳನ್ನು ಹರಿದು ಬಿಸಾಡಿದರು. ತಮ್ಮ ಕುರುಹೆಂದು ತಿಳಿದದ್ದು ಹಗೆಯ ಸರಕಾಗಿತ್ತು! 1925ರಲ್ಲಿ ಕಮಾಲ್ ಪಾಷಾ ಕಾಯಿದೆಯಿಂದಲೇ ಅದನ್ನು ನಿಷೇಧಿಸಿದನು. ಹೀಗೆ ತುರ್ಕಸ್ತಾನದಲ್ಲಿ ಅದನ್ನು ತೊಟ್ಟವರಿಗೆ ಶಿಕ್ಷೆಯಾಗುತ್ತಿದ್ದ ಕಾಲದಲ್ಲಿ ಕಲಬುರಗಿಯಲ್ಲಿ ಅದನ್ನು ತೊಡದೆ ಕಚೇರಿಗೆ ಹೋಗುವುದು ಅಸಭ್ಯವೆನಿಸುತ್ತಿತ್ತು.

ಟೋಪಿಯ ವಯಸ್ಸನ್ನು ನಿರ್ಣಯಿಸಲು ಈ ಇತಿಹಾಸವೇ ಸಾಧನ. ಇಂಡಿಯನ್ ಮರ್ಚಂಡೈಜ್ ಮಾರ್ಕ್ಸ್ ಆಕ್ಟ್ ಎಂಬ ಕಾಯಿದೆ 1889ರಲ್ಲಿ ಬಂದ ಮೇಲೆ ಪರದೇಶದ ಸಾಮಾನುಗಳ ಮೇಲೆ ದೇಶದ ಹೆಸರು ಬೀಳುವುದು ರೂಢಿಯಾಯಿತು. ಒಳಗೆ ‘ಆಸ್ಟ್ರಿಯಾ’ ಎಂದಿದ್ದರೆ 1918ಕ್ಕೆ ಹಿಂದಿನದೆಂದು ಊಹಿಸಬಹುದು. ‘ಜೆಕೊಸ್ಲೊವಾಕಿಯಾ’ ಎಂದಿದ್ದರೆ ಖಂಡಿತವಾಗಿ ಆಮೇಲಿನದು, ಏಕೆಂದರೆ ಅದಕ್ಕೆ ಮೊದಲು ಆ ದೇಶವೇ ಇರಲಿಲ್ಲ. ಸೇಡಂನ ಟೋಪಿಯ ಚರ್ಮದ ಒಳಪಟ್ಟಿಯನ್ನು ಮೆಲ್ಲನೆ ಹೊರಳಿಸಿದೆವು. ಅಳಿಸಿದ ಬಂಗಾರದ ಅಕ್ಷರಗಳಲ್ಲಿ ಆ ದೇಶದ ಹೆಸರಿನ ಅರ್ಧವಿತ್ತು. ಪಟ್ಟಿಯ ಹಿಂದೆ ಮಸಿಯಲ್ಲಿ ಉರ್ದುವಿನ ಎರಡು ಅಕ್ಷರಗಳು.

ಅಜ್ಜನವರ ಹೆಸರಿಗೆ ಅವು ಹೊಂದುವುದಿಲ್ಲವೆಂದು ಯಜಮಾನರು ಹೇಳಿದರು. ಆಗ ನಾವು ಹೊಲಿಗೆಯ ಟೇಪು ತರಿಸಿದೆವು. ಸಂಗ್ರಹಕಾರರು ಟೊಪ್ಪಿಗೆಯನ್ನು ಕಂಡೊಡನೆ ಮಾಡತಕ್ಕ ಮೊದಲ ಕೆಲಸವನ್ನು ನಾವು ಕೊನೆಗೆ ಮಾಡಿದೆವು. ಒಳಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದರೆ ಯೂರೋಪಿನ ನಂಬರು ಅದೇ ಆಗಿರುತ್ತದೆ. 57 ಬಂದರೆ ಇಂಗ್ಲಿಷರ ಲೆಕ್ಕದಲ್ಲಿ 7. ಕರಿಯ ಟೊಪ್ಪಿಗೆ 57. ಗಾಂಧಿ ಟೊಪ್ಪಿಗೆ 57. ಸೋಲಾ ಹ್ಯಾಟು ಸ್ವಲ್ಪ ಹೆಚ್ಚು, ಅದರೊಳಗೆ ಗಾಳಿ ಆಡಬೇಕಾದ್ದರಿಂದ ಅದು ಸಹಜ. ರೂಮಿ ಟೋಪಿ 54. ಹಳೆಯ ಉಣ್ಣೆಯೂ ಚರ್ಮವೂ ಕುಗ್ಗುವುದುಂಟು. ಆದರೆ ಮೂರು ಸೆಂಟಿಮೀಟರು ಕುಗ್ಗಿದ್ದರೆ ಆಕಾರವು ಸೊಟ್ಟಾಗಿ, ಪಟ್ಟಿಯು ಮುರುಟಿರಬೇಕಾಗಿತ್ತು. ಇದು ನೆಟ್ಟಗೆ ನಿಂತಿತ್ತು. ಅಜ್ಜನವರ ತಲೆಯಲ್ಲಿ ಅದು ಕೂಡ್ರುವಂತಿರಲಿಲ್ಲ.

“ಇದು ಅವರ ಟೋಪಿಯೇ ಅಲ್ಲ” ಎಂದು ನಾವು ಗಟ್ಟಿಯಾಗಿ ಹೇಳಿದೆವು.

“ಅಪ್ಪಂದು ಎಲ್ಲಿದು? ಚಾಚಾಂದು” ಎಂದು ಹೊರಸಿನ ಮೇಲಿಂದ ಧ್ವನಿ ಬಂದಿತು.

ಮುದುಕಿಯವರು ಎದ್ದು ಕುಳಿತಿದ್ದರು. ಇಷ್ಟು ವರುಷ ಅವರನ್ನು ಯಾರೂ ಕೇಳಿರಲಿಲ್ಲ, ಆದ್ದರಿಂದ ಅವರೂ ಹೇಳಿರಲಿಲ್ಲ. 1948ರ ಸಪ್ಟೆಂಬರಿನಲ್ಲಿ ಅವರಿಗೆ ಹತ್ತು ವರುಷ. 13ರಂದು ಭಾರತದ ಸೈನ್ಯ ಒಳಬಂದು, 17ರಂದು ನಿಜಾಮರು ಶರಣಾದರು. ಅಲ್ಲಿಯವರೆಗೆ ರಜಾಕಾರರ ಹಾವಳಿಯಲ್ಲಿ ಹಳ್ಳಿಗಳು ನೊಂದಿದ್ದವು. ಆಮೇಲಿನ ದಿನಗಳಲ್ಲಿ ಸೇಡು ತಿರುಗಿ, ರಜಾಕಾರರೊಡನೆ ಸಂಬಂಧವಿಲ್ಲದ ಮುಸಲ್ಮಾನರ ಮನೆಗಳ ಮೇಲೆಯೂ ಬಿದ್ದಿತು. ಪಂಡಿತ ಸುಂದರಲಾಲರ ನಿಯೋಗವು ಆ ವರುಷದ ಕೊನೆಯಲ್ಲಿ ಸಂಚರಿಸಿ ಬರೆದ ವರದಿಯಲ್ಲಿ, ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ಬೀದರ, ನಾಂದೇಡಗಳೊಡನೆ ಗುಲ್ಬರ್ಗಾವೂ ಒಂದೆಂದು ಹೇಳಿದೆ. ಸತ್ತವರು ಒಟ್ಟು 27 ಸಾವಿರದಿಂದ 40 ಸಾವಿರವಿರಬಹುದೆಂದು ಅವರ ಅಂದಾಜು. ಆ ವರದಿಯು ಬಹುಕಾಲ ಸರ್ಕಾರದ ಕಪಾಟಿನಲ್ಲಿದ್ದು, 2013ರಲ್ಲಿ ಜನರ ಕೈಗೆ ಬಂದಿತು.

ಅಜ್ಜನವರ ಜೊತೆಗೆ ಅದೇ ಕಚೇರಿಯಲ್ಲಿ ಕೆಲಸಮಾಡುತ್ತಿದ್ದ ಗೆಳೆಯರೊಬ್ಬರು ಆಗ ಮೂರು ರಾತ್ರಿ ಈ ಮನೆಯ ಹಗೇವಿನ ಕೋಣೆಯಲ್ಲಿದ್ದರಂತೆ. ನಾಲ್ಕನೆಯ ದಿನ ಬೆಳಕು ಹರಿಯುವ ಮೊದಲೇ ಹೊರಟರು. ಮುದುಕಿಯವರ ಮಾತನ್ನು ಅವರು ಹೇಳಿದಂತೆಯೇ ಬರೆಯುತ್ತೇವೆ:

“ಚಾಚಾಗ ನಾ ಬಾಳ ಅಚ್ಚಚ್ಚಾಕಿ. ನಮ್ಮಪ್ಪ ಆ ಟೋಪಿ ತೆಗಿಸಿ, ತನ್ನ ಹೊಸಾ ರುಮಾಲ ತಂದು ಚಾಚಾನ ತಲಿಗೆ ತಾನೇ ಸುತ್ತಿದ. ಚಾಚಾಗ ಸುತ್ತಾಕ ಬರ್ತಿದ್ದಿಲ್ಲ. ಎರಡು ಸಲ ಬಿಚ್ಚೋಗಿ ಮೂರನೇ ಸಲ ನಿಂತಿತು. ಅಪ್ಪನ ಕೈ ನಡಗತಿದ್ದವು ನೋಡ್ರಿ. ಟೇಶನ್ನಿನ ತನಕ ತಾನೇ ಹೋಗಿ ಬಿಟ್ಟು ಬಂದ. ಟೋಪಿ ಇಟ್ಟಿರು, ಬಂದು ಒಯ್ತೀನಂದಿದ್ದ ಚಾಚಾ. ಹೈದರಾಬಾದಿನಿಂದ ಒಂದು ಕಾಗದ ಬಂದಿತ್ತು. ಆಮ್ಯಾಲ ಇಲ್ಲ.”

ಚಾಪೆಯ ಮೇಲಿನ ಬಿಳಿಯ ರುಮಾಲನ್ನು ತೋರಿಸಿ, ಇದೇನಾ ಎಂದು ಗೃಹಿಣಿಯರು ಕೇಳಿದರು. “ಅದು ಹ್ಯಾಂಗ ಇದ್ದೀತು? ಅದು ಅವನ ತಲಿಮ್ಯಾಗ ಹೋತಲ್ಲ. ಇದು ಆಮ್ಯಾಲ ಕೊಂಡಿದ್ದು” ಎಂದರು ಮುದುಕಿ.

ಮೈದುನನವರು ಬಾಗಿಲನ್ನು ಬಿಟ್ಟು ಒಳಗೆ ಬಂದು ಚಾಪೆಯ ಅಂಚಿನಲ್ಲಿ ಕುಳಿತರು. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಚಹ ಬಂತು.

ಸಂಗ್ರಹಕ್ಕೆ ತೊಡಗಬೇಕೆಂಬ ನಮ್ಮ ಓದುಗರಿಗಾಗಿ ಕೆಲವು ವ್ಯಾವಹಾರಿಕ ಮಾತುಗಳನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಹಳೆಯ ಟೊಪ್ಪಿಗೆಯನ್ನು ಮೊಳೆಗೆ ತೂಗುಹಾಕಬಾರದು. ಅದರ ಭಾರದಿಂದಲೇ ಆಕಾರ ಕೆಡುತ್ತದೆ. ಒಗೆದ ಹತ್ತಿಯ ಬಟ್ಟೆಯನ್ನು ಒಳಗೆ ತುಂಬಿ, ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ, ಬೇವಿನ ಒಣ ಎಲೆಯ ಗಂಟನ್ನು ಬದಿಗಿಟ್ಟು ಮುಚ್ಚಬೇಕು. ನುಸಿಗುಳಿಗೆಗಳು ಬಟ್ಟೆಗೆ ನೇರವಾಗಿ ತಗಲಬಾರದು. ನೀರು, ಸೋಪು ಎಂದಿಗೂ ಕೂಡದು. ಮೆತ್ತನೆಯ ಕುಂಚದಿಂದ ಧೂಳನ್ನು ಝಾಡಿಸಿದರೆ ಸಾಕು. ಕೈರೋ ನಗರದಲ್ಲಿ ರೂಮಿ ಟೋಪಿಗಳನ್ನು ಹಿತ್ತಾಳೆಯ ಅಚ್ಚಿನ ಮೇಲೆ ಆವಿಯಿಂದ ಇಸ್ತ್ರಿ ಮಾಡುವ ಕುಶಲಿಗಳಿದ್ದಾರೆ. ಮನೆಯಲ್ಲಿ ಕುದಿಯುವ ಕೆಟಲಿಯ ಮೇಲೆ ಹಿಡಿದು ಸರಿಪಡಿಸಲು ಹೋಗಬೇಡಿರಿ. ಇನ್ನೊಂದು ಎಚ್ಚರಿಕೆ ಬಹಳ ಮುಖ್ಯವಾದದ್ದು. ಮೊಲದ ಮತ್ತು ಬೀವರಿನ ತುಪ್ಪಟದಿಂದ ಮಾಡಿದ ವಿಲಾಯತಿ ಫೆಲ್ಟ್ ಹ್ಯಾಟುಗಳಿಗೆ ಪಾದರಸದ ಲವಣವನ್ನು ಸವರುತ್ತಿದ್ದರು. ಆ ಕಸುಬಿನವರಿಗೆ ಕೈಕಾಲು ನಡುಕವೂ ಬುದ್ಧಿಭ್ರಮೆಯೂ ಉಂಟಾಗುತ್ತಿದ್ದವು. ಅಮೇರಿಕೆಯಲ್ಲಿ 1941ರ ಡಿಸೆಂಬರಿನಲ್ಲಿ ಅದನ್ನು ನಿಲ್ಲಿಸಿದರು. ಆದಕಾರಣ ಅಂತಹ ಹಳೆಯ ಹ್ಯಾಟುಗಳನ್ನು ಮುಟ್ಟಿದ ಮೇಲೆ ಕೈ ತೊಳೆಯತಕ್ಕದ್ದು, ಮಕ್ಕಳ ಆಟಕ್ಕೆ ಕೊಡಕೂಡದು. ಕುರಿಯ ಉಣ್ಣೆಯ ರೂಮಿ ಟೋಪಿಗೆ ಈ ಅಂಜಿಕೆ ಕಡಿಮೆ.

ಬೆಲೆಯ ವಿಷಯವನ್ನು ನಾವು ಬರೆಯುವುದಿಲ್ಲ. ಹೈದರಾಬಾದಿನ ಸಾಲಾರ ಜಂಗ್ ಮ್ಯೂಜಿಯಮ್ಮಿನಲ್ಲಿಯೋ, ಪುಣೆಯ ಕೇಳಕರ ಮ್ಯೂಜಿಯಮ್ಮಿನಲ್ಲಿಯೋ ಶ್ರೀಮಂತರ ಉಡುಪುಗಳನ್ನು ನೋಡಿ ಬಂದವರು ನಮ್ಮ ಮನೆಯ ಟೊಪ್ಪಿಗೆಯನ್ನು ಅದಕ್ಕೆ ಹೋಲಿಸಿ ಮರುಗಬೇಕಾದ್ದಿಲ್ಲ. ಕೊಳ್ಳುವವರಿಗೆ ಮಾತ್ರ ಒಂದು ಬಿನ್ನಹ. ಈ ಸೀಮೆಯಲ್ಲಿ ಹಳೆಯ ಟೋಪಿಯನ್ನು ಕಂಡಾಗ, ಎಷ್ಟಕ್ಕೆ ಕೊಡುವಿರಿ ಎಂದು ಕೇಳುವ ಮುಂಚೆ, ಇದು ಯಾರದಾಗಿತ್ತು ಎಂದು ಮನೆಯಲ್ಲಿನ ಎಲ್ಲರಿಗಿಂತ ಹಿರಿಯರನ್ನು ಕೇಳಿರಿ. ಅವರ ಕಿವಿ ಮಂದವಿದ್ದರೆ ಎರಡು ಸಲ ಕೇಳಿರಿ.

ನಾವು ಹಿಂತಿರುಗಿದ ಮೂರು ವಾರಗಳ ಮೇಲೆ ಆ ಸೋದರಿಯರ ಎರಡನೆಯ ಪತ್ರ ಬಂದಿದೆ. ರುಮಾಲನ್ನು ಪಾತ್ರೆಯವಳಿಗೆ ಕೊಡಲಿಲ್ಲವಂತೆ. ಐದಕ್ಕೂ ಐದು ಚೀಟಿ ಬರೆದು ಹೊಲಿದಿದ್ದಾರೆ. ಕೆಂಪು ಟೋಪಿಯ ಚೀಟಿಯಲ್ಲಿ ಉರ್ದುವಿನ ಆ ಎರಡು ಅಕ್ಷರಗಳನ್ನೂ, ಮುದುಕಿಯವರಿಗೆ ನೆನಪಿದ್ದ ಹೆಸರನ್ನೂ ಬರೆದಿದ್ದಾರೆ. ಆ ಹೆಸರನ್ನು ನಾವು ಇಲ್ಲಿ ಪ್ರಕಟಿಸುವುದಿಲ್ಲ. ಗೆದ್ದಲು ತಿಂದ ಕಾಗದಗಳ ಚೂರುಗಳನ್ನು ಮೈದುನನವರೇ ಒಂದು ಭಾನುವಾರ ಪೂರ್ತಿ ಕುಳಿತು ಜೋಡಿಸಿ ನೋಡಿದರಂತೆ. ಹೈದರಾಬಾದಿನ ಒಂದು ಮೊಹಲ್ಲೆಯ ಹೆಸರು ಸಿಕ್ಕಿದೆ, ಮನೆಯ ನಂಬರಿನ ಜಾಗದಲ್ಲಿ ತೂತು. ಮುಂದಿನ ತಿಂಗಳು ತಾಂಡೂರಿಗೆ ಜೋಳ ಮಾರಲು ಹೋಗುವ ಕೆಲಸವಿದೆ, ಅಲ್ಲಿಂದ ಹೈದರಾಬಾದು ದೂರವೇನಲ್ಲ, ಹೋಗಿ ವಿಚಾರಿಸಿ ಬರುತ್ತೇನೆಂದು ಅವರು ಹೇಳಿರುವರಂತೆ. ಟೋಪಿಯನ್ನು ಒಯ್ಯುವುದೋ ಬಿಡುವುದೋ ಇನ್ನೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ಅದರ ಆಕಾರ ಕೆಡದಂತೆ ಒಂದು ಹಿತ್ತಾಳೆಯ ತಂಬಿಗೆಯನ್ನು ಬೋರಲು ಹಾಕಿ ಅದರ ಮೇಲೆ ಇರಿಸಿದ್ದಾರೆ. ಗೊಂಡೆಯ ದಾರ ಸಡಲಿದ್ದನ್ನು ಮುದುಕಿಯವರು ತಾವೇ ಸೂಜಿ ಕೇಳಿ ತೆಗೆದುಕೊಂಡು ಹೊಲಿದರೆಂದು ಪತ್ರದ ಅಂಚಿನಲ್ಲಿ ಬರೆದಿದೆ.